ಸೂರ್ಯ ದೀರ್ಘಕಾಲ ಮಂಕಾದರೆ ನಾವೇನು ಸಿದ್ಧತೆ ಮಾಡಿಕೊಳ್ಳಬೇಕು?

ಪ್ರಶ್ನೆ (ಕಾಫಿ ಬೆಳೆಗಾರ, ಕೊಡಗು): ಮೇಡಂ, ನಮಸ್ಕಾರ. ಸೂರ್ಯನ ಕಲೆಗಳು ಕಡಿಮೆಯಾಗಿ 2030ರ ಹೊತ್ತಿಗೆ ಕಿರು ಹಿಮಯುಗ ಬರುತ್ತದೆ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಹೆಪ್ಪುಗಟ್ಟಿದ ಥೇಮ್ಸ್ ನದಿಯ ಚಿತ್ರವೂ ಜೊತೆಗಿದೆ. ಹೊಸ ಕಾಫಿ ಗಿಡ ನೆಡುವುದನ್ನು ಮುಂದೂಡಬೇಕೇ?

ಉತ್ತರ (ಸೌರಭೌತ ವಿಜ್ಞಾನಿ): ಖಂಡಿತ ಬೇಡ, ಧೈರ್ಯವಾಗಿ ನೆಡಿ. 1645ರಿಂದ 1715ರವರೆಗೆ ಸೂರ್ಯನ ಮೇಲೆ ಕಲೆಗಳು ತೀರಾ ವಿರಳವಾಗಿದ್ದವು. ಅದನ್ನು ಮೌಂಡರ್ ಕನಿಷ್ಠ ಎನ್ನುತ್ತೇವೆ. ಆಗ ಯುರೋಪಿನಲ್ಲಿ ಕಡು ಚಳಿಗಾಲಗಳು ಬಂದದ್ದೂ ನಿಜ. ಆದರೆ ಆ ಚಳಿಯ ಕಾಲ ಅದಕ್ಕೂ ಮೊದಲೇ ಆರಂಭವಾಗಿತ್ತು, ಜ್ವಾಲಾಮುಖಿಗಳ ಕೈವಾಡವೂ ಅದರಲ್ಲಿತ್ತು. ಥೇಮ್ಸ್ ಹೆಪ್ಪುಗಟ್ಟಿ ಅದರ ಮೇಲೆ ಜಾತ್ರೆ ನಡೆದದ್ದು 1608ರಲ್ಲಿಯೇ. ಹಳೆಯ ಲಂಡನ್ ಸೇತುವೆಯ ಇಕ್ಕಟ್ಟಾದ ಕಮಾನುಗಳು ನೀರಿನ ಓಟವನ್ನು ತಡೆಯುತ್ತಿದ್ದುದರಿಂದ ನದಿ ಸುಲಭವಾಗಿ ಹೆಪ್ಪುಗಟ್ಟುತ್ತಿತ್ತು.

ಭೂಮಿಗೆ ತಲುಪುವ ಬಿಸಿಲಿನ ಶಕ್ತಿ ಪ್ರತಿ ಚದರ ಮೀಟರಿಗೆ ಸುಮಾರು 1,361 ವ್ಯಾಟ್. ಸೂರ್ಯನ ಕಲೆಗಳು ಹೆಚ್ಚಿ ಮತ್ತೆ ಕಡಿಮೆಯಾಗುವ ಸುಮಾರು ಹನ್ನೊಂದು ವರ್ಷಗಳ ಚಕ್ರದಲ್ಲಿ ಅದು ಏರಿಳಿಯುವುದು ಒಂದು ವ್ಯಾಟಿನ ಆಸುಪಾಸು, ಅಂದರೆ ಶೇ 0.1ರಷ್ಟು. ಮೌಂಡರ್ ಕನಿಷ್ಠದಂಥ ಕಾಲ ಮರಳಿದರೂ ಜಗತ್ತಿನ ಸರಾಸರಿ ಉಷ್ಣತೆ ಹೆಚ್ಚೆಂದರೆ 0.3 ಡಿಗ್ರಿ ಸೆಲ್ಸಿಯಸ್ ಇಳಿದೀತು ಎಂಬುದು ಈಗಿನ ಲೆಕ್ಕಾಚಾರ. ಕಾರ್ಖಾನೆಗಳ ಯುಗ ಆರಂಭವಾದಾಗಿನಿಂದ ಏರಿರುವುದೇ ಒಂದು ಡಿಗ್ರಿಗಿಂತ ಹೆಚ್ಚು. ನಿಮ್ಮ ತೋಟದ ಚಿಂತೆ ಹಿಮವಲ್ಲ, ಹೊತ್ತು ತಪ್ಪುವ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಮತ್ತು ಬೇಸಿಗೆಯ ಬಿಸಿಲು. ನೆರಳಿನ ಮರಗಳನ್ನು ಉಳಿಸಿಕೊಳ್ಳಿ, ಕೆರೆಯ ಹೂಳು ತೆಗೆಸಿ.

ಇನ್ನೊಂದು ಮಾತು: ಸೂರ್ಯ ಈಗ ನಿದ್ದೆಗೆ ಜಾರಿಲ್ಲ. ಈಗಿನ 25ನೇ ಚಕ್ರ ಮುನ್ಸೂಚನೆಗಿಂತ ಪ್ರಬಲವಾಗಿ 2024ರಲ್ಲಿ ಶಿಖರ ಮುಟ್ಟಿತು. ಆ ವರ್ಷದ ಮೇ ತಿಂಗಳಲ್ಲಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿತ್ತು. ಅಷ್ಟು ದಕ್ಷಿಣಕ್ಕೆ ಧ್ರುವಪ್ರಭೆ ಕಾಣುವುದು ಅಪರೂಪ.

ಪ್ರಶ್ನೆ (ಗೃಹಿಣಿ, ಮೈಸೂರು): ಚಾವಣಿಯ ಸೋಲಾರ್ ಫಲಕಗಳ ವಿದ್ಯುತ್ ಕಡಿಮೆಯಾಗುವುದೇ?

ಉತ್ತರ: ಮೀಟರಿನಲ್ಲಿ ಗೊತ್ತೇ ಆಗದಷ್ಟು. ಫಲಕದ ಕೆಳ ಅಂಚಿನಲ್ಲಿ ಗಟ್ಟಿಯಾಗಿ ಕೂರುವ ಧೂಳಿನ ಪಟ್ಟಿ ಅದಕ್ಕಿಂತ ಎಷ್ಟೋ ಹೆಚ್ಚು ವಿದ್ಯುತ್ ತಿನ್ನುತ್ತದೆ. ಬೆಳಿಗ್ಗೆ ಫಲಕ ತಣ್ಣಗಿರುವಾಗ ಮೆದು ಬಟ್ಟೆಯಿಂದ ತೊಳೆಯಿರಿ.

ಪ್ರಶ್ನೆ (ಹವ್ಯಾಸಿ ರೇಡಿಯೊ ಸದಸ್ಯ, ಬೆಂಗಳೂರು): ಹಾಗಾದರೆ ಸಿದ್ಧತೆಯೇ ಬೇಡವೇ ಮೇಡಂ?

ಉತ್ತರ: ನಿಮಗೆ ಬೇಕು! ಸೂರ್ಯನ ಅತಿನೇರಳೆ ಕಿರಣ ಕುಗ್ಗಿದರೆ ರೇಡಿಯೊ ಅಲೆಗಳನ್ನು ಭೂಮಿಯತ್ತ ಮರಳಿಸುವ ಮೇಲಿನ ಗಾಳಿಯ ಪದರ, ಅಂದರೆ ಅಯಾನುಗೋಳ, ತೆಳುವಾಗುತ್ತದೆ. ಆಗ 10 ಮೀಟರ್ ಅಲೆಯುದ್ದದ ಬ್ಯಾಂಡ್‌ನಲ್ಲಿ ದೂರದ ಸಂಪರ್ಕ ಬಹುತೇಕ ನಿಂತುಹೋಗುತ್ತದೆ. 40 ಮತ್ತು 80 ಮೀಟರ್ ಬ್ಯಾಂಡ್‌ಗಳಿಗೆ ಆಂಟೆನಾ ಈಗಲೇ ಕಟ್ಟಿಕೊಳ್ಳಿ. ನೆರೆ, ಭೂಕುಸಿತದ ಹೊತ್ತಿನಲ್ಲಿ ನೆರೆಯ ಜಿಲ್ಲೆಗಳೊಂದಿಗೆ ಮಾತನಾಡಲು ಅವೇ ಒದಗುತ್ತವೆ.

ದೊಡ್ಡ ಸಿದ್ಧತೆ ಬೇಕಿರುವುದು ಬಾಹ್ಯಾಕಾಶದಲ್ಲಿ. ಸೂರ್ಯನ ಚಟುವಟಿಕೆ ತಗ್ಗಿದಾಗ ಮೇಲಿನ ವಾಯುಮಂಡಲ ಕುಗ್ಗುತ್ತದೆ, ಕಕ್ಷೆಯಲ್ಲಿರುವ ಕಸ ಕೆಳಗೆ ಬಿದ್ದು ಉರಿಯಲು ಹೆಚ್ಚು ವರ್ಷ ಹಿಡಿಯುತ್ತದೆ. ಉಪಗ್ರಹಗಳಿಗೆ ಡಿಕ್ಕಿಯ ಅಪಾಯ ಬೆಳೆಯುತ್ತದೆ. ಸೌರಮಂಡಲದ ಆಚೆಯಿಂದ ಬರುವ ವಿಶ್ವಕಿರಣಗಳೂ ಆಗ ಹೆಚ್ಚಾಗುತ್ತವೆ. ಗಗನಯಾತ್ರಿಗಳ ಮತ್ತು ಧ್ರುವದ ಸಮೀಪ ಹಾರುವ ವಿಮಾನ ಸಿಬ್ಬಂದಿಯ ವಿಕಿರಣದ ಲೆಕ್ಕವನ್ನು ಬಿಗಿಯಾಗಿ ಇಡಬೇಕಾಗುತ್ತದೆ.

ಪ್ರಶ್ನೆ (ಅದೇ ಸದಸ್ಯ): ಸೌರಬಿರುಗಾಳಿಯ ಭಯವಾದರೂ ತಪ್ಪುತ್ತದಲ್ಲವೇ?

ಉತ್ತರ: ಬಿರುಗಾಳಿಗಳ ಸಂಖ್ಯೆ ಇಳಿಯುತ್ತದೆ, ಭಯ ತಪ್ಪುವುದಿಲ್ಲ. 24ನೇ ಚಕ್ರ ದುರ್ಬಲವಾಗಿತ್ತು. ಆದರೂ 2012ರ ಜುಲೈನಲ್ಲಿ ಸೂರ್ಯನಿಂದ ಸಿಡಿದ ಅತಿ ಪ್ರಬಲ ಸ್ಫೋಟವೊಂದು ಭೂಮಿ ಇಲ್ಲದ ದಿಕ್ಕಿಗೆ ಹೋಯಿತು. ಸೂರ್ಯನನ್ನು ಗಮನಿಸುವ ಭಾರತದ ಆದಿತ್ಯ-ಎಲ್1ರಂಥ ನೌಕೆಗಳ ಕಾವಲು ಸೂರ್ಯ ಸುಮ್ಮನಿರುವ ವರ್ಷಗಳಲ್ಲೂ ಮುಂದುವರಿಯಲೇಬೇಕು, ಅದಕ್ಕೆ ಕೊಡುವ ಹಣವನ್ನು ಆಗ ಕಡಿತ ಮಾಡಬಾರದು.