ಇಲ್ಲದ ಗೋಡೆಯ ಬೀದಿ

ಸೀನು ತಂದಿದ್ದ ನುಣುಪು ಕಾಗದದ ಜಾಹೀರಾತು ಪುಸ್ತಿಕೆಯಲ್ಲಿ, ಹೊಸದಾಗಿ ಏಳಲಿರುವ ವಾಣಿಜ್ಯ ವಲಯಕ್ಕೆ ‘ತನ್ನದೇ ಆದ ವ್ಯಕ್ತಿತ್ವವಿದೆ’ ಎಂಬ ಮಾತು ನಾಲ್ಕು ಕಡೆ ಅಚ್ಚಾಗಿತ್ತು. ವಲಯದ ಹೆಸರು ‘ಮಾವಿನ ತೋಪು ಪ್ಲಾಜಾ’.

“ಅಲ್ಲಿ ಮಾವಿನ ಮರಗಳು ಎಷ್ಟಿವೆ?” ಎಂದು ಶಾಸ್ತ್ರಿಗಳು ಕೇಳಿದರು.

“ಮರಗಳಿದ್ದಿದ್ದರೆ ಹೆಸರಿಡುವ ಅಗತ್ಯವೇನಿತ್ತು?” ಎಂದರು ರಾಯರು. “ಕಡಿದದ್ದಕ್ಕೆ ಹೆಸರಿನಲ್ಲಿ ತಿಥಿ ಮಾಡುವುದು ಇಂಥ ವಲಯಗಳ ಹಳೆಯ ಸಂಪ್ರದಾಯ. ನ್ಯೂಯಾರ್ಕಿನಲ್ಲಿ ಡಚ್ಚರು 1653ರಲ್ಲಿ ಎಬ್ಬಿಸಿದ ಗೋಡೆಯನ್ನು 1699ರಲ್ಲೇ ಕೆಡವಿದರು. ಈಗ ಷೇರುಪೇಟೆಯಿರುವ ಆ ಬೀದಿಗೆ ವಾಲ್ ಸ್ಟ್ರೀಟ್, ಅಂದರೆ ಗೋಡೆಯ ಬೀದಿ, ಎಂಬ ಹೆಸರು ಉಳಿಯಿತು, ಅಂದಿನಿಂದ ಲೋಕವೆಲ್ಲ ಆ ಇಲ್ಲದ ಗೋಡೆಗೇ ತಲೆ ಚಚ್ಚಿಕೊಳ್ಳುತ್ತಿದೆ. ಟೋಕಿಯೋದ ದುಬಾರಿ ಅಂಗಡಿಗಳ ಪೇಟೆ ಗಿಂಜಾ. ಆ ಹೆಸರಿನ ಅರ್ಥ ಬೆಳ್ಳಿಯ ಟಂಕಸಾಲೆ. 1612ರಲ್ಲಿ ಅಲ್ಲಿಗೆ ಬಂದ ಟಂಕಸಾಲೆ 1800ರಲ್ಲಿ ಬೇರೆಡೆಗೆ ಹೋಯಿತು. ಈಗ ಅಲ್ಲಿ ಬೆಳ್ಳಿಯ ನಾಣ್ಯ ತಯಾರಿಸುವುದಿಲ್ಲ, ಬಂದವರ ಜೇಬಿನಿಂದ ಇಳಿಸಿಕೊಳ್ಳುತ್ತಾರೆ.”

ಸೀನು ಸುಲಭವಾಗಿ ಬಿಡುವವನಲ್ಲ. “ಲಂಡನ್ನಿನ ಕೆನೇರಿ ವಾರ್ಫನ್ನು ನೋಡಿ, ರಾಯರೇ. 1802ರಲ್ಲಿ ತೆರೆದ ಹಡಗುಕಟ್ಟೆ 1980ರಲ್ಲಿ ಮುಚ್ಚಿಹೋಗಿ ಹಾಳು ಸುರಿಯುತ್ತಿತ್ತು. 1991ರ ಹೊತ್ತಿಗೆ ಅಲ್ಲಿ ಐವತ್ತು ಅಂತಸ್ತಿನ ಗೋಪುರ ನಿಂತಿತು.”

“ಮರುವರ್ಷವೇ ಅದನ್ನು ಕಟ್ಟಿದವರು ದಿವಾಳಿಯಾದರು. ಜುಬಿಲಿ ಮಾರ್ಗದ ಭೂಗತ ರೈಲು ಅಲ್ಲಿಗೆ ತಲುಪಿದ್ದು 1999ರಲ್ಲಿ.”

“ಕೆನೇರಿ ಎಂದರೆ ಹಾಡುವ ಹಕ್ಕಿಯಲ್ಲವೇ?” ಎಂದು ಶಾಸ್ತ್ರಿಗಳು ಮಾತನ್ನು ಬೇರೆ ಕಡೆಗೆ ಎಳೆದರು.

“ಹಕ್ಕಿಯಿಂದ ಬಂದ ಹೆಸರಲ್ಲ, ಹಣ್ಣಿನಿಂದ ಬಂದದ್ದು. ಕೆನೇರಿ ದ್ವೀಪಗಳ ಹಣ್ಣು ಹೊತ್ತ ಹಡಗುಗಳು ಅಲ್ಲಿ ನಿಲ್ಲುತ್ತಿದ್ದವು. ಆ ದ್ವೀಪಗಳ ಹೆಸರಿನ ಮೂಲವೋ, ನಾಯಿ ಎಂಬ ಅರ್ಥದ ಲ್ಯಾಟಿನ್ ಶಬ್ದ. ಈಗ ಹಡಗೂ ಇಲ್ಲ, ಹಣ್ಣೂ ಇಲ್ಲ. ಬಾಡಿಗೆ ಕಟ್ಟುವವರ ನಾಯಿಪಾಡು ಮಾತ್ರ ಹೆಸರಿಗೆ ತಕ್ಕಂತಿದೆ.”

ಶಾರದಮ್ಮನವರು ಪುಸ್ತಿಕೆಯನ್ನು ಮಡಚಿ ಬೀಸಣಿಗೆ ಮಾಡಿಕೊಂಡಿದ್ದರು. “ಹಾಗಾದರೆ ವ್ಯಕ್ತಿತ್ವ ಎಲ್ಲಿಂದ ಬರುತ್ತದೆ?” ಎಂದರು.

ರಾಯರು ತುಸು ಹೊತ್ತು ಸುಮ್ಮನಿದ್ದರು. “ಕಡಿಮೆ ಬಾಡಿಗೆಯಿಂದ ಬರುತ್ತದೆ, ಶಾರದಮ್ಮ. ನಗರಗಳ ಬದುಕಿನ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ವಾದಿಸಿದಂತೆ, ಹೊಸ ಕಟ್ಟಡದ ಖರ್ಚನ್ನು ತಾಳಿಕೊಳ್ಳಬಲ್ಲವರು ಆಗಲೇ ಬೇರೂರಿದ ವ್ಯಾಪಾರಿಗಳು ಮಾತ್ರ. ಗಡಿಯಾರ ರಿಪೇರಿಯವನು, ಹಳೆಯ ಪುಸ್ತಕದವನು, ನಾಳೆ ಗೆಲ್ಲಬಹುದಾದ ಅಥವಾ ಮುಳುಗಬಹುದಾದ ಯಾವುದೋ ಹುಚ್ಚು ಆಲೋಚನೆಯವನು, ಇವರೆಲ್ಲರಿಗೂ ಬೇಕಾದದ್ದು ಸಾಲ ತೀರಿದ, ಬಣ್ಣ ಮಾಸಿದ ಹಳೆಯ ಕಟ್ಟಡ. ಗಿಂಜಾದಲ್ಲೂ 1872ರ ಬೆಂಕಿಯ ನಂತರ ಸರ್ಕಾರವು ಪಾಶ್ಚಾತ್ಯ ಶೈಲಿಯ ಇಟ್ಟಿಗೆಯ ಕಟ್ಟಡಗಳನ್ನು ಸಾಲಾಗಿ ನಿಲ್ಲಿಸಿತು. ತೇವವೆಂದೂ ದುಬಾರಿಯೆಂದೂ ಜನ ಹಿಂದೆಗೆದರು, ಅನೇಕ ಕಟ್ಟಡಗಳು ಖಾಲಿ ಉಳಿದವು. ಆಮೇಲೆ ಏನೂ ಕೊಳ್ಳುವ ಉದ್ದೇಶವಿಲ್ಲದೆ ಅಲ್ಲಿ ಸುಮ್ಮನೆ ಅಡ್ಡಾಡುವವರು ಹೆಚ್ಚಿದರು. ಆ ಅಡ್ಡಾಟಕ್ಕೆಂದೇ ಜಪಾನೀ ಭಾಷೆಯಲ್ಲಿ ‘ಗಿನ್‌ಬುರಾ’ ಎಂಬ ಪದ ಹುಟ್ಟಿತು. ಅದನ್ನು ಯಾವ ಪುಸ್ತಿಕೆಯಲ್ಲಿ ಮುಂಗಡವಾಗಿ ಅಚ್ಚು ಹಾಕಿಸುತ್ತೀಯೆ, ಸೀನು?”

ಸೀನು ದನಿ ತಗ್ಗಿಸಿದನು. “ಎರಡನೆಯ ಹಂತದಲ್ಲಿ ನಮ್ಮ ಈ ಕಟ್ಟೆಯೂ ಸೇರುತ್ತದೆಯಂತೆ.”

“ಹೆಸರು ಸಿದ್ಧವಾಗಿಯೇ ಇದೆ: ‘ಹರಟೆ ಕಟ್ಟೆ ಟವರ್ಸ್’,” ಎಂದರು ರಾಯರು. ಎಲ್ಲರೂ ನಕ್ಕರು.

“ಅಲ್ಲಿ ನಮ್ಮನ್ನು ಕೂರಗೊಡುತ್ತಾರೆಯೇ?” ಎಂದರು ಶಾಸ್ತ್ರಿಗಳು.

ಸೀನು ಶಾರದಮ್ಮನವರ ಕೈಯಿಂದ ಪುಸ್ತಿಕೆಯನ್ನು ತೆಗೆದುಕೊಂಡು, ಮಡಿಕೆ ಬಿಡಿಸಿ, ನಕ್ಷೆಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಹುಡುಕಿದನು. ಕಾರಂಜಿಯಿತ್ತು, ಎಟಿಎಂ ಇತ್ತು, ಮೂರು ಅಂತಸ್ತಿನಷ್ಟು ಕಾರುಗಳಿಗೆ ಜಾಗವಿತ್ತು.