ಮೂರು ಇಂಚು ಎತ್ತರಿಸಿದ ಜೀಪಿಗೆ ಸ್ಪ್ರಿಂಗ್ ಐಸೊಲೇಟರ್: ಅಗ್ಗದ ದಾರಿ ಇದೆಯೇ?

ಕೆಸರುಗಾಲಿ:
ಗಾಡಿ 2001ರ ಟಿಜೆ ರ‍್ಯಾಂಗ್ಲರ್. ಹಿಂದಿನ ಮಾಲೀಕರು ಮೂರು ಇಂಚಿನ ಲಿಫ್ಟ್ ಸ್ಪ್ರಿಂಗ್ ಹಾಕಿಸಿದ್ದರು. ಎರಡು ತಿಂಗಳಿಂದ ಮುಂಭಾಗದಲ್ಲೊಂದು ಸದ್ದು. ನೇರ ರಸ್ತೆಯಲ್ಲಿ ಗಾಡಿ ಬಾಯಿ ಬಿಡುವುದಿಲ್ಲ. ಒಂದು ಚಕ್ರ ಹಳ್ಳಕ್ಕಿಳಿದು ಇನ್ನೊಂದು ದಿಬ್ಬವೇರಿದರೆ ಮಾತ್ರ ಹಳೆಯ ಬಾಗಿಲು ತೆರೆದಂತೆ ಕಿರ್ರೆನ್ನುತ್ತದೆ, ಕೊನೆಯಲ್ಲಿ ಟಕ್ ಎನ್ನುತ್ತದೆ. ಬಾಲ್ ಜಾಯಿಂಟ್, ಬುಷ್, ಶಾಕ್ ಅಬ್ಸಾರ್ಬರಿನ ಬೋಲ್ಟ್ ಎಲ್ಲವನ್ನೂ ಅನುಮಾನಿಸಿ ಮುಗಿಯಿತು.

ನಿನ್ನೆ ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಿಡಿದಾಗ ಕಳ್ಳ ಸಿಕ್ಕಿದ. ಸ್ಪ್ರಿಂಗಿನ ಮೇಲ್ತುದಿ ಕೂರುವ ಬಟ್ಟಲಿನಲ್ಲಿ ಐಸೊಲೇಟರ್ ಎಂಬ ಒಂದು ರಬ್ಬರ್ ಬಳೆ ಇರಬೇಕಲ್ಲವೇ, ಬಲಗಡೆ ಅದು ಅರ್ಧವೇ ಉಳಿದಿದೆ. ಬೆರಳಿನಿಂದ ಒತ್ತಿದರೆ ಕಪ್ಪು ಪುಡಿಯಾಗಿ ಕಣ್ಣಿಗೆ ಉದುರಿತು. ರಬ್ಬರ್ ಇಲ್ಲದ ಕಡೆ ಸ್ಪ್ರಿಂಗ್ ತಂತಿ ಬಟ್ಟಲನ್ನು ಉಜ್ಜಿ ಉಜ್ಜಿ, ಕಮಾನಿನಂಥ ಗೆರೆಯೊಂದು ಬೆಳ್ಳಿಯಂತೆ ಹೊಳೆಯುತ್ತಿದೆ.

ತೊಂದರೆ ಹಣದ್ದು. ‘ಲಿಫ್ಟ್ ಮಾಡಿದ ಗಾಡಿಗಳಿಗೆ’ ಎಂದು ಬರೆದ ಡಬ್ಬಿಯಲ್ಲಿ ಬರುವ ಎರಡು ಬಳೆಗಳಿಗೆ ಕೇಳುವ ಬೆಲೆ ನೋಡಿದರೆ ಜೊತೆಗೆ ಸ್ಪ್ರಿಂಗನ್ನೂ ಕೊಡುತ್ತಾರೇನೋ ಅನ್ನಿಸುತ್ತದೆ. ನಿಜಕ್ಕೂ ಅದೇ ಬೇಕೇ? ಪೈಪನ್ನು ಉದ್ದಕ್ಕೆ ಸೀಳಿ ಸ್ಪ್ರಿಂಗ್ ತುದಿಗೆ ತೊಡಿಸಿದರೆ ಸಾಕು ಎಂದು ಒಬ್ಬರು ಹೇಳಿದರು. ಸಾಕೇ?

ತುಕ್ಕುಶತ್ರು:
ಪೈಪಿನ ಉಪಾಯ ನಾನು ಮಾಡಿದ್ದೇನೆ, ಮೊದಲ ವಾರ ಊರೆಲ್ಲ ಹೇಳಿಕೊಂಡೂ ತಿರುಗಿದ್ದೇನೆ. ಸದ್ದು ನಿಂತದ್ದು ನಿಜ. ಆರು ತಿಂಗಳ ನಂತರ ಬಿಚ್ಚಿದರೆ ಸೀಳಿನೊಳಗೆ ಹೊಕ್ಕ ಮರಳು ಮರಳುಕಾಗದದ ಕೆಲಸ ಮಾಡಿತ್ತು. ಸ್ಪ್ರಿಂಗಿನ ಬಣ್ಣ ಹೋಗಿ, ಒಳಗೆ ನಿಂತ ನೀರಿಗೆ ತುಕ್ಕು ಹಿಡಿದಿತ್ತು. ಮನೆ ತಲುಪುವವರೆಗೆ ಸರಿ, ಅದಕ್ಕಿಂತ ಹೆಚ್ಚು ನಂಬಬೇಡಿ.

ಹಳೇಬೋಲ್ಟು:
‘ಲಿಫ್ಟ್’ ಎಂಬ ಪದಕ್ಕೆ ಹಣ ಕೊಡಬೇಡಿ. ಲಿಫ್ಟ್ ಸ್ಪ್ರಿಂಗ್ ಉದ್ದವಾಗಿರುತ್ತದೆ, ಗಡಸಾಗಿಯೂ ಇರಬಹುದು. ಆದರೆ ಅದರ ಎರಡು ತುದಿಗಳೂ ಕಾರ್ಖಾನೆಯವರು ಮಾಡಿಟ್ಟ ಬಟ್ಟಲಿನಲ್ಲೇ ಕೂರಬೇಕು. ಬಟ್ಟಲು ಬದಲಾಗಿಲ್ಲ ಎಂದ ಮೇಲೆ ಬಳೆ ಏಕೆ ಬದಲಾಗಬೇಕು? ಮೂಲ ಗಾಡಿಗೆ ಬರುವ ಸಾದಾ ರಬ್ಬರ್ ಬಳೆಯೇ ಸಾಕು. ಎತ್ತರವನ್ನು ಸ್ಪ್ರಿಂಗಿನಿಂದಲ್ಲದೆ ಸ್ಪೇಸರ್, ಅಂದರೆ ಸ್ಪ್ರಿಂಗಿನ ತುದಿಗೆ ಕೊಡುವ ದಪ್ಪ ಬಿಲ್ಲೆ, ಇಟ್ಟು ಪಡೆದಿದ್ದರೆ ಮಾತ್ರ ಲೆಕ್ಕ ಬೇರೆ. ಕೆಲವು ಸ್ಪೇಸರ್‌ಗಳು ಬಳೆಯ ಜಾಗದಲ್ಲೇ ಕೂರುತ್ತವೆ.

ಕೊಳ್ಳುವ ಮೊದಲು ಹೊರ ವ್ಯಾಸ, ಒಳ ವ್ಯಾಸ, ದಪ್ಪ ಅಳೆಯಿರಿ. ದಪ್ಪವನ್ನು ಹಗುರವಾಗಿ ನೋಡಬೇಡಿ. ನಿಮ್ಮದು ಎರಡೂ ಚಕ್ರಗಳನ್ನು ಒಂದೇ ದಂಡ ಜೋಡಿಸುವ ಇಡಿಯ ಆಕ್ಸಲ್ ಆದ್ದರಿಂದ ಎರಡೂ ಬದಿಗೆ 5 ಮಿಲಿಮೀಟರ್ ಸೇರಿಸಿದರೆ ಗಾಡಿಯ ಮೂತಿ ಸುಮಾರು ಅಷ್ಟೇ ಏರುತ್ತದೆ. ಒಂದೇ ಬದಿಗೆ ಹಾಕಿದರೆ ಗಾಡಿ ವಾಲುತ್ತದೆ, ಆದ್ದರಿಂದ ಜೊತೆಯಾಗಿಯೇ ಬದಲಿಸಿ. ಎತ್ತರದ ಆಸೆಗೆ ಎರಡು ಬಳೆಗಳನ್ನು ಒಂದರ ಮೇಲೊಂದು ಪೇರಿಸುವವರನ್ನೂ ಕಂಡಿದ್ದೇನೆ. ಮೊದಲ ದೊಡ್ಡ ಹಳ್ಳಕ್ಕೆ ಮೇಲಿನದು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ.

ಪಾಲಿಯುರಿಥೇನ್ ಹೆಚ್ಚು ಬಾಳುತ್ತದೆ, ಎಣ್ಣೆಗೂ ಹೆದರುವುದಿಲ್ಲ. ಆದರೆ ರಸ್ತೆಯ ಸಣ್ಣ ನಡುಕವನ್ನೆಲ್ಲ ಒಳಗೆ ತಂದು ಸುರಿಯುತ್ತದೆ, ಒಣಗಿದರೆ ಅದೂ ಕಿರುಗುಟ್ಟುತ್ತದೆ. ನನ್ನ ಆಯ್ಕೆ ರಬ್ಬರ್. ಬೇಕೆನಿಸಿದರೆ ಸಿಲಿಕೋನ್ ಗ್ರೀಸ್ ಸವರಿ, ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಗುಜರಿಯಿಂದ ನಾನು ಗೇರ್‌ಬಾಕ್ಸನ್ನೇ ತಂದಿದ್ದೇನೆ, ಆದರೆ ರಬ್ಬರ್ ತರುವುದಿಲ್ಲ. ಅದಕ್ಕೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ.

ಬಿಚ್ಚುವಾಗ ಸ್ಟ್ಯಾಂಡನ್ನು ಚಾಸಿಗೆ ಕೊಡಿ, ಆಕ್ಸಲಿಗೆ ಜಾಕ್. ಶಾಕಿನ ಕೆಳ ಬೋಲ್ಟ್ ಮತ್ತು ಸ್ವೇ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಸರಳು) ಲಿಂಕ್ ಕಳಚಿ ಆಕ್ಸಲನ್ನು ನಿಧಾನವಾಗಿ ಇಳಿಸಿ, ಕಣ್ಣು ಬ್ರೇಕ್ ಹೋಸಿನ ಮೇಲಿರಲಿ. ಉದ್ದದ ಸ್ಪ್ರಿಂಗ್ ಆದ್ದರಿಂದ ಪೂರ್ತಿ ಇಳಿದ ಮೇಲೂ ಬಿಗಿ ಉಳಿದಿರಬಹುದು. ಆಗ ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಹಾಕಿ, ಸಲಾಕೆ ಹಾಕಿ ಮೀಟಲು ಹೋಗಬೇಡಿ. ಕೈ ಒಂದು ಜೊತೆ ಮಾತ್ರ ಬಂದಿದೆ.

ಮೂರನೇಗೇರು:
ಬಳೆಯ ಮಾತು ಹಳೇಬೋಲ್ಟು ಹೇಳಿದಂತೆಯೇ. ನನ್ನ ಗಮನ ಆ ಟಕ್ ಮೇಲೆ. ಬಳೆ ಸವೆದರೆ ಕಿರ್ರೆನ್ನುತ್ತದೆ, ಟಕ್ ಎನ್ನುವುದು ಹೆಚ್ಚಾಗಿ ಬೇರೆ ಕಥೆ. ಚಾಸಿಯನ್ನು ಎತ್ತಿ ಮುಂದಿನ ಚಕ್ರಗಳು ಜೋತಾಡುವಂತೆ ಮಾಡಿ, ಸ್ಪ್ರಿಂಗನ್ನು ಕೈಯಿಂದ ತಿರುಗಿಸಿ ನೋಡಿ. ತಿರುಗಿದರೆ ಆಕ್ಸಲ್ ಇಳಿದಾಗ ಅದು ಸಡಿಲವಾಗಿ, ಮತ್ತೆ ಏರುವಾಗ ಬಟ್ಟಲಿಗೆ ಬಡಿದು ಕೂರುತ್ತಿದೆ ಎಂದರ್ಥ. ಸ್ಪ್ರಿಂಗಿಗೆ ಹೋಲಿಸಿದರೆ ಶಾಕ್ ಉದ್ದವಾಗಿದ್ದಾಗ ಹೀಗಾಗುತ್ತದೆ. ಹಾಗೇ ಬಿಟ್ಟರೆ ಹೊಸ ಬಳೆಯನ್ನೂ ಅದು ಅಗಿದು ಹಾಕುತ್ತದೆ.

ಕೆಸರುಗಾಲಿ:
ಬಿಚ್ಚಿದೆ. ಎಡ ಸ್ಪ್ರಿಂಗ್ ಅಲುಗಲಿಲ್ಲ. ಬಲಗಡೆಯದು ಎರಡು ಬೆರಳಿಗೆ ಬುಗುರಿಯಂತೆ ತಿರುಗಿತು! ನೋಡಿದರೆ ಅದರ ಕೆಳತುದಿಯನ್ನು ಆಕ್ಸಲಿನ ಮೇಲೆ ಹಿಡಿದಿಡುವ ಕ್ಲಿಪ್ ಇಲ್ಲ, ಬೋಲ್ಟಿನ ತೂತು ಮಾತ್ರ ಇದೆ. ಲಿಫ್ಟ್ ಹಾಕಿದವರು ಮತ್ತೆ ಕೂರಿಸಲೇ ಇಲ್ಲವೆಂದು ಕಾಣುತ್ತದೆ. ಸ್ಪ್ರಿಂಗ್ ತುದಿ ತನ್ನ ತಡೆಯಿಂದ ಕಾಲು ಸುತ್ತು ಸರಿದಿತ್ತು, ರಬ್ಬರ್ ತಿಂದುಹೋದದ್ದೂ ಸರಿಯಾಗಿ ಅಲ್ಲೇ.

ಮೂಲ ಅಳತೆಯ ಸಾದಾ ರಬ್ಬರ್ ಬಳೆಗಳನ್ನೇ ಹಾಕಿದೆ. ‘ಲಿಫ್ಟ್’ ಡಬ್ಬಿಯ ಬೆಲೆಯ ಕಾಲುಭಾಗವೂ ಆಗಲಿಲ್ಲ. ಎಡಗಡೆಯ ಹಳೆಯ ಬಳೆ ನೋಡಲು ಚೆನ್ನಾಗಿಯೇ ಇತ್ತು, ಆದರೆ ತಂತಿ ಕಚ್ಚಿದ ಜಾಗದಲ್ಲಿ ಹೊಸದರ ಅರ್ಧದಷ್ಟು ದಪ್ಪವೂ ಇರಲಿಲ್ಲ. ಹೊಳೆಯುತ್ತಿದ್ದ ಗೆರೆಗೆ ಪ್ರೈಮರ್ ಬಳಿದು ಕ್ಲಿಪ್ ಕೂರಿಸಿದೆ. ಕಿರ್ರೂ ಇಲ್ಲ, ಟಕ್ಕೂ ಇಲ್ಲ. ಆದರೆ ಚಕ್ರ ಜೋತಾಡಿಸಿದರೆ ಬಲ ಸ್ಪ್ರಿಂಗಿನ ಮೇಲ್ತುದಿ ಈಗಲೂ ಬೆರಳು ತೂರುವಷ್ಟು ಸಡಿಲ. ಮೂರನೇಗೇರು, ಎರಡೂ ಶಾಕುಗಳನ್ನು ಪೂರ್ತಿ ಎಳೆದು ಉದ್ದ ಅಳೆದು ನಾಳೆ ಇಲ್ಲೇ ಬರೆಯುತ್ತೇನೆ. ಬಲಗಡೆಯದು ಬೇರೆ ಅಳತೆಯದೇನೋ ಎಂಬ ಅನುಮಾನ ಶುರುವಾಗಿದೆ.