ಎಡಗಾಲಿನ ವಿಂಗರ್ ಹುಡುಗನನ್ನು ಲೆಫ್ಟ್ ಬ್ಯಾಕ್ ಆಡಿಸಿದರೆ ನಷ್ಟವೇ? ಸಾಕಾ ಉದಾಹರಣೆ ಎಷ್ಟು ಸರಿ?

ಪ್ರಶ್ನೆ: ಮೈದಾನದಂಚು

ಎಲ್ಲರಿಗೂ ನಮಸ್ಕಾರ. ಹುಡುಗನಿಗೆ 15 ವರ್ಷ, ಎಡಗಾಲಿನ ಆಟಗಾರ, ಇಲ್ಲಿಯವರೆಗೆ ಎಡ ವಿಂಗ್‌ನಲ್ಲೇ (ಎಡ ಅಂಚಿನ ದಾಳಿಯ ಜಾಗ) ಆಡಿದ್ದಾನೆ. ಬೆಂಗಳೂರಿನ ಫುಟ್‌ಬಾಲ್ ಅಕಾಡೆಮಿ. ಹೊಸದಾಗಿ ಬಂದ ಕೋಚ್ ಈ ಋತುವಿಗೆ ಅವನನ್ನು ಲೆಫ್ಟ್ ಬ್ಯಾಕ್‌ಗೆ (ಎಡಗಡೆಯ ರಕ್ಷಣೆಯ ಜಾಗ) ಹಾಕಿದ್ದಾರೆ. ಮನೆಯವರು ಕೇಳಿದರೆ "ಲಂಡನ್‌ನ ಆರ್ಸೆನಲ್ ಕ್ಲಬ್‌ನ ಬುಕಾಯೊ ಸಾಕಾ ಕೂಡ ಲೆಫ್ಟ್ ಬ್ಯಾಕ್ ಆಡಿಯೇ ಮೇಲೆ ಬಂದವನು" ಅನ್ನುತ್ತಾರಂತೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಸಾಕಾಗೆ ಅದರಿಂದ ನಿಜವಾಗಿ ಏನು ಸಿಕ್ಕಿತು? ಎಡಗಾಲಿನವನು ಸಾಕಾನಂತೆ ಬಲ ವಿಂಗ್‌ಗೆ ಹೋದಾಗ ಏನೇನು ಬದಲಾಗುತ್ತದೆ? ಮತ್ತೆ, 23ನೇ ವಯಸ್ಸಿಗೇ ಸಾಕಾಗೆ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಆಪರೇಷನ್ ಆಯಿತಲ್ಲ, ಚಿಕ್ಕ ವಯಸ್ಸಿನಲ್ಲಿ ವಿಪರೀತ ಆಡಿಸಿದ್ದೇ ಕಾರಣವೇ? ಈ ಹುಡುಗನಿಗೂ ವಾರಕ್ಕೆ ಎರಡು ಪಂದ್ಯ ಬೀಳುತ್ತಿದೆ, ಅದಕ್ಕೇ ಚಿಂತೆ.

ಉತ್ತರ 1: ಲಂಡನ್ ಕನ್ನಡಿಗ

ಕೋಚ್ ಹೇಳಿದ್ದು ಅರ್ಧ ನಿಜ. ಉಳಿದರ್ಧವೇ ನಿಮ್ಮ ಹುಡುಗನಿಗೆ ಮುಖ್ಯ.

ಸಾಕಾ ಶುರು ಮಾಡಿದ್ದು ಲೆಫ್ಟ್ ಬ್ಯಾಕ್ ಆಗಿ ಅಲ್ಲ. 2001ರ ಸೆಪ್ಟೆಂಬರ್ 5ರಂದು ಪಶ್ಚಿಮ ಲಂಡನ್ನಿನ ಈಲಿಂಗ್‌ನಲ್ಲಿ ಹುಟ್ಟಿದವನು, ಏಳೆಂಟು ವರ್ಷಕ್ಕೇ ಆರ್ಸೆನಲ್‌ನ ಹೇಲ್ ಎಂಡ್ ಅಕಾಡೆಮಿ ಸೇರಿದ. ಅಲ್ಲಿ ಬೆಳೆದದ್ದು ದಾಳಿಯ ಆಟಗಾರನಾಗಿಯೇ. 2018ರ ನವೆಂಬರ್ 29ರಂದು ಯುರೋಪಾ ಲೀಗ್‌ನಲ್ಲಿ ವೋರ್ಸ್ಕ್ಲಾ ಪೋಲ್ಟಾವಾ ವಿರುದ್ಧ ಸೀನಿಯರ್ ತಂಡಕ್ಕೆ ಬಂದಾಗಲೂ, 2019ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ವಿರುದ್ಧ ಒಂದು ಗೋಲು ಹೊಡೆದು ಎರಡು ಗೋಲಿಗೆ ನೆರವಾದಾಗಲೂ ವಿಂಗರ್‌ನೇ.

2019ರ ಡಿಸೆಂಬರ್‌ನಲ್ಲಿ ಲೆಫ್ಟ್ ಬ್ಯಾಕ್ ಟೀರ್ನಿಗೆ ವೆಸ್ಟ್ ಹ್ಯಾಮ್ ವಿರುದ್ಧ ಭುಜ ಜಾರಿತು. ಇನ್ನೊಬ್ಬ ಲೆಫ್ಟ್ ಬ್ಯಾಕ್ ಕೊಲಾಶಿನಾಚ್‌ಗೂ ಗಾಯ. ತಂಡದಲ್ಲಿ ಆ ಜಾಗಕ್ಕೆ ಜನವೇ ಇರಲಿಲ್ಲ, 18 ವರ್ಷದ ಸಾಕಾನನ್ನು ಹಾಕಿದರು. ಹಾಕಿದ ಮೊದಲ ದಿನಗಳಲ್ಲೇ ಸ್ಟಾಂಡರ್ಡ್ ಲಿಯೇಜ್ ವಿರುದ್ಧ ಒಂದು ಕ್ರಾಸ್‌ನಿಂದ ಗೋಲು ಮಾಡಿಸಿ, ಕೊನೆಯಲ್ಲಿ ತಾನೇ ಸಮಗೋಲು ಹೊಡೆದು 2-2 ಮಾಡಿದ. ಅಂದರೆ ಅದು ಬೆಳವಣಿಗೆಗೆ ಹಾಕಿಕೊಂಡ ಯೋಜನೆಯಲ್ಲ, ಅನಿವಾರ್ಯವಾಗಿ ಬಂದ ಅವಕಾಶ.

ಇನ್ನೂ ದೊಡ್ಡ ವಿಷಯ: ಅರ್ಟೆಟಾ ಕೋಚ್ ಆಗಿ ಬಂದ ಮೇಲೆ ಅವನು ಹೆಸರಿಗಷ್ಟೇ ಲೆಫ್ಟ್ ಬ್ಯಾಕ್. ಆರ್ಸೆನಲ್ ಕಾಲಿಗೆ ಚೆಂಡು ಬಂದ ಕೂಡಲೇ ಮಿಡ್‌ಫೀಲ್ಡರ್ ಶಾಕಾ ಹಿಂದೆ ಸರಿದು ಎಡಗಡೆಯ ಜಾಗ ಕಾಯುತ್ತಿದ್ದ, ಎಡ ವಿಂಗ್‌ನ ಔಬಮೆಯಾಂಗ್ ಗೋಲಿನ ಕಡೆ ಒಳಸೇರುತ್ತಿದ್ದ, ಬಲಗಡೆಯ ಬ್ಯಾಕ್ ಮೇಲೆ ಹೋಗದೆ ತಡೆದುಕೊಳ್ಳುತ್ತಿದ್ದ. ಎಡಗಡೆಯ ಟಚ್‌ಲೈನ್ (ಮೈದಾನದ ಉದ್ದದ ಅಂಚುಗೆರೆ) ಪೂರ್ತಿ ಸಾಕಾನದು. ಚೆಂಡು ತಂಡದ ಬಳಿ ಇದ್ದಷ್ಟು ಹೊತ್ತು ವಿಂಗರ್, ಹೋದಾಗ ಮಾತ್ರ ಬ್ಯಾಕ್. ಅದಕ್ಕೇ ಆ ಋತುವಿನಲ್ಲಿ ಕ್ಲಬ್‌ನಲ್ಲೇ ಹೆಚ್ಚು ಅಸಿಸ್ಟ್ (ಗೋಲಿಗೆ ನೆರವಾದ ಪಾಸ್) ಅವನದು.

ಆದರೆ ಗೋಲು? ಪ್ರೀಮಿಯರ್ ಲೀಗ್‌ನಲ್ಲಿ 2019-20ರಲ್ಲಿ 1. ಮುಂದಿನ ಋತುಗಳಲ್ಲಿ ಕ್ರಮವಾಗಿ 5, 11, 14, 16. ಗೋಲಿನ ಹತ್ತಿರ ಹೋದ ಹಾಗೆಲ್ಲ ಏರಿದ ಲೆಕ್ಕ ಇದು. ಲೆಫ್ಟ್ ಬ್ಯಾಕ್‌ನಲ್ಲೇ ಬಿಟ್ಟಿದ್ದರೆ ಇವತ್ತಿನ ಸಾಕಾ ಸಿಗುತ್ತಿರಲಿಲ್ಲ.

ಹಾಗಾಗಿ ಕೋಚ್ ಅವರನ್ನು ಎರಡು ಪ್ರಶ್ನೆ ಕೇಳಿ. ನಮ್ಮ ತಂಡದ ಬಳಿ ಚೆಂಡಿದ್ದಾಗ ಹುಡುಗ ಎಲ್ಲಿ ನಿಲ್ಲಬೇಕು? ಅವನು ಮೇಲೆ ಹೋದರೆ ಹಿಂದಿನ ಜಾಗ ಯಾರು ಕಾಯುತ್ತಾರೆ? ಎರಡನೆಯದಕ್ಕೆ ಒಬ್ಬ ಆಟಗಾರನ ಹೆಸರು ಹೇಳಿದರೆ ನಿಶ್ಚಿಂತೆಯಿಂದ ಆಡಿಸಿ. "ಅವನೇ ಓಡಿ ಬರಬೇಕು" ಅಂದರೆ 15 ವರ್ಷದವನು ಮೂರನೇ ಪಂದ್ಯಕ್ಕೆ ಸೆಂಟರ್ ಲೈನ್ ದಾಟುವುದನ್ನೇ ಬಿಡುತ್ತಾನೆ, ಏಕೆಂದರೆ ಹಿಂದೆ ಗೋಲಾದರೆ ಬೈಸಿಕೊಳ್ಳುವವನು ಅವನೇ.

ಉತ್ತರ 2: ಕಟ್‌ಬ್ಯಾಕ್

ಮೇಲಿನವರ ಇತಿಹಾಸ ಸರಿಯಾಗಿದೆ. ಲೆಫ್ಟ್ ಬ್ಯಾಕ್ ಆಡಿದ್ದರಿಂದ ಸಿಕ್ಕಿದ್ದನ್ನು ಮಾತ್ರ ಸ್ವಲ್ಪ ಕಡಿಮೆ ತೂಗಿದ್ದಾರೆ ಅನಿಸುತ್ತದೆ.

ವಿಂಗರ್ ಸಾಮಾನ್ಯವಾಗಿ ನಿಂತಲ್ಲೇ ಚೆಂಡು ಪಡೆಯುತ್ತಾನೆ. ಬ್ಯಾಕ್ ಹಿಂದಿನಿಂದ ಓಡಿಬಂದು, ಇಡೀ ಮೈದಾನ ಕಣ್ಣೆದುರಿಗಿಟ್ಟುಕೊಂಡು ಪಡೆಯುತ್ತಾನೆ. 2021ರ ಯೂರೋದಲ್ಲಿ ಚೆಕ್ ಗಣರಾಜ್ಯದ ವಿರುದ್ಧ ಸಾಕಾ ತನ್ನ ಅರ್ಧದಿಂದ ಚೆಂಡು ಹೊತ್ತು ಓಡಿದ್ದು, ಅದೇ ದಾಳಿಯಲ್ಲಿ ಸ್ಟರ್ಲಿಂಗ್ ಗೋಲು ಬಂದದ್ದು ನೆನಪಿಸಿಕೊಳ್ಳಿ. ಅದು ಬ್ಯಾಕ್ ಆಡಿದವನ ಓಟ. ಇಂಗ್ಲೆಂಡ್ ಪರ ಅವನ ಮೊದಲ ಪಂದ್ಯವೂ (2020ರ ಅಕ್ಟೋಬರ್ 8, ವೇಲ್ಸ್ ವಿರುದ್ಧ) ಎಡ ವಿಂಗ್‌ಬ್ಯಾಕ್ (ಬ್ಯಾಕ್, ವಿಂಗರ್ ಎರಡೂ ಕೆಲಸದ ಜಾಗ) ಆಗಿಯೇ. ಮತ್ತೊಂದು ಲಾಭ, ಫುಲ್‌ಬ್ಯಾಕ್‌ಗೆ (ಎಡ ಅಥವಾ ಬಲ ಬ್ಯಾಕ್) ಏನು ಕಷ್ಟ ಅನ್ನುವುದು ಅವನಿಗೆ ಮೈಮೇಲೆ ಬಂದು ಗೊತ್ತು. ಸೊಂಟ ತಿರುಗಿಸಲೇಬೇಕಾದ ಕ್ಷಣ, ಬೆನ್ನ ಹಿಂದೆ ಒಬ್ಬ ಓಡಿದಾಗ ಆಗುವ ಗೊಂದಲ. ಹುಡುಗನಿಗೆ ಒಂದು ಋತು ಇದನ್ನು ಕಲಿಯಲು ಸಿಕ್ಕರೆ ನಷ್ಟವೇನಿಲ್ಲ, ಎರಡು ಋತು ಬೇಡ.

ಬಲ ವಿಂಗ್ ವಿಷಯಕ್ಕೆ ಬರೋಣ. ಸಾಕಾ ಅಲ್ಲಿ ಗಟ್ಟಿಯಾಗಿ ನೆಲೆಯಾದದ್ದು 2020ರ ಡಿಸೆಂಬರ್ 26ರಂದು, ಚೆಲ್ಸಿಯನ್ನು 3-1ರಿಂದ ಸೋಲಿಸಿದ ಪಂದ್ಯದಿಂದ. ಅಲ್ಲಿಂದ ಅವನ ಆಟದ ಲೆಕ್ಕವೇ ಬೇರೆಯಾಯಿತು.

ಚೆಂಡು ಪಡೆಯುವಾಗ ಬೆನ್ನು ಟಚ್‌ಲೈನ್ ಕಡೆ, ಮುಖ ಮೈದಾನದೊಳಕ್ಕೆ. ಆಗ ಡಿಫೆಂಡರ್ ಇರುವುದು ಬಲಗಾಲಿನ ಕಡೆ, ಚೆಂಡು ನಿಲ್ಲುವುದು ಎಡಗಾಲಿನಲ್ಲಿ, ಅಂದರೆ ಡಿಫೆಂಡರ್‌ಗೆ ಎಟುಕದ ಕಾಲಿನಲ್ಲಿ. ಎಡ ವಿಂಗ್‌ನಲ್ಲಿ ಹೀಗೇ ನಿಂತರೆ ಎಡಗಾಲು ಡಿಫೆಂಡರ್ ಪಕ್ಕಕ್ಕೆ ಬರುತ್ತದೆ. ಎಡದಿಂದ ಬಲಕ್ಕೆ ಬಂದ ಹುಡುಗರು ಮೊದಲ ತಿಂಗಳು ತಪ್ಪುವುದು ಇಲ್ಲೇ: ಹಳೆಯ ಅಭ್ಯಾಸಕ್ಕೆ ಚೆಂಡು ಬರುವ ಮೊದಲೇ ಗೋಲಿನ ಕಡೆ ಪೂರ್ತಿ ತಿರುಗಿಬಿಡುತ್ತಾರೆ, ಒಳಗಡೆಯಿಂದ ಬಂದ ಡಿಫೆಂಡರ್ ಕಾಲು ಹಾಕಿ ತೆಗೆದುಕೊಂಡು ಹೋಗುತ್ತಾನೆ.

ಆಮೇಲೆ ಡಿಫೆಂಡರ್ ಕಡೆಗೆ ಚಿಕ್ಕ ಚಿಕ್ಕ ಟಚ್, ಎದುರಾಗುವಾಗ ವೇಗ ಕಡಿಮೆ. ಸಾಕಾ ಹತ್ತಿರ ಹೋಗಿ ಹೆಚ್ಚುಕಮ್ಮಿ ನಿಂತೇಬಿಡುತ್ತಾನೆ. ಕಾಯುವುದು ಒಂದಕ್ಕೇ, ಡಿಫೆಂಡರ್‌ನ ಮೈಭಾರ ಒಂದು ಕಾಲಿಗೆ ಇಳಿಯಲಿ ಅಂತ. ಇಳಿದ ಕಾಲಿನ ಕಡೆಗೇ ಒಂದು, ಒಂದೂವರೆ ಮೀಟರ್ ಚೆಂಡು ದೂಡಿದರೆ ಸಾಕು, ಭಾರ ಹೊತ್ತ ಕಾಲು ಥಟ್ಟನೆ ಏಳುವುದಿಲ್ಲ. ಮೂರು ಮೀಟರ್ ದೂಡಿದರೆ ಹಿಂದೆ ಕಾದಿರುವ ಎರಡನೆಯವನಿಗೆ ಹೋಗುತ್ತದೆ.

ಎಡಗಾಲು ಗೊತ್ತಾದ ಮೇಲೆ ಎಲ್ಲ ಫುಲ್‌ಬ್ಯಾಕ್‌ಗಳೂ ಒಳದಾರಿಗೆ ಅಡ್ಡ ನಿಂತು ಬೈಲೈನ್ (ಗೋಲು ಇರುವ ತುದಿಯ ಗೆರೆ) ಕಡೆ ದಾರಿ ಬಿಡುತ್ತಾರೆ. ಅಲ್ಲಿ ಬೇಕಾಗುವುದು ಬಲಗಾಲು. ಓಡುತ್ತಲೇ ಬಲಗಾಲಿನಿಂದ ನೆಲಮಟ್ಟದಲ್ಲಿ 10-12 ಮೀಟರ್ ಹಿಂದಕ್ಕೆ ಕೊಡುವ ಕಟ್‌ಬ್ಯಾಕ್ ಇಲ್ಲದ ಎಡಗಾಲಿನ ಬಲ ವಿಂಗರ್ ಅರ್ಧ ಆಟಗಾರ. ಸಾಕಾನಲ್ಲಿ ಅದಿದೆ. ಅದಿರುವುದಕ್ಕೇ ಡಿಫೆಂಡರ್ ಪೂರ್ತಿ ಒಳಗೆ ನಿಲ್ಲಲಾಗುವುದಿಲ್ಲ, ಹಾಗಾಗಿಯೇ ಎಡಗಾಲಿನ ಹೊಡೆತಕ್ಕೂ ಜಾಗ ಸಿಗುವುದು.

ಒಬ್ಬನ ಮೇಲೆ ಇಬ್ಬರು ಬಂದರೆ ಏನು ಮಾಡಬೇಕು ಅನ್ನುವುದಕ್ಕೆ ಅವನೊಬ್ಬನನ್ನೇ ನೋಡಿದರೆ ಉತ್ತರ ಸಿಗದು, ಪಕ್ಕದವರನ್ನು ನೋಡಿ. ಬಲ ಬ್ಯಾಕ್ ಬೆನ್ ವೈಟ್ ಹೊರಗಿಂದ ಓಡುತ್ತಿದ್ದ, ಮಿಡ್‌ಫೀಲ್ಡರ್ ಒಡೆಗಾರ್ಡ್ ಒಳಗಿಂದ. ಎಷ್ಟೋ ಸಲ ಆ ಓಟಕ್ಕೆ ಚೆಂಡು ಸಿಗುವುದೇ ಇಲ್ಲ. ಎರಡನೇ ಡಿಫೆಂಡರ್ ಎರಡು ಮೀಟರ್ ಸರಿದರೂ ಕೆಲಸ ಆದಂತೆ. ಹುಡುಗನ ತಂಡದಲ್ಲಿ ಆ ಓಟ ಓಡುವವರಿಲ್ಲದಿದ್ದರೆ ಅವನ ಡ್ರಿಬ್ಲಿಂಗ್ ಬೈಯಬೇಡಿ.

ಉತ್ತರ 3: ಫಿಸಿಯೊ ಮಾತು

ಹ್ಯಾಮ್‌ಸ್ಟ್ರಿಂಗ್ ಬಗ್ಗೆ.

2021-22ರಲ್ಲೂ 2022-23ರಲ್ಲೂ ಲೀಗ್‌ನ 38ಕ್ಕೆ 38 ಪಂದ್ಯ ಆಡಿದ್ದಾನೆ ಸಾಕಾ. ಒಂದೂ ತಪ್ಪದೆ ಸತತ 87 ಪ್ರೀಮಿಯರ್ ಲೀಗ್ ಪಂದ್ಯ, ಕ್ಲಬ್‌ನ ದಾಖಲೆ. ಆ ಸರಣಿ ನಿಂತದ್ದು 2023ರ ಅಕ್ಟೋಬರ್‌ನಲ್ಲಿ, ಲೆನ್ಸ್ ವಿರುದ್ಧ ಸ್ನಾಯು ನೋವಿನಿಂದ ಹೊರಬಂದ ಮೇಲೆ. 2024ರ ಡಿಸೆಂಬರ್ 21ರಂದು ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಬಲಗಾಲಿನ ಹ್ಯಾಮ್‌ಸ್ಟ್ರಿಂಗ್ ಹರಿಯಿತು, ಆಪರೇಷನ್ ಆಯಿತು, 2025ರ ಏಪ್ರಿಲ್ 1ಕ್ಕೆ ಫುಲ್ಹಾಮ್ ವಿರುದ್ಧ ಬದಲಿಯಾಗಿ ಇಳಿದು ಕೆಲವೇ ನಿಮಿಷದಲ್ಲಿ ಗೋಲು ಹೊಡೆದ. ನಡುವೆ 101 ದಿನ. ಆಗಸ್ಟ್ 23ಕ್ಕೆ ಲೀಡ್ಸ್ ವಿರುದ್ಧ ಇನ್ನೊಂದು ಕಾಲಿನದು ಹಿಡಿಯಿತು.

ಪಂದ್ಯಗಳ ಹೊರೆ ಒಂದೇ ಕಾರಣ ಅಂತ ಬೆರಳು ತೋರಿಸುವುದು ತಪ್ಪಾಗುತ್ತದೆ. ಈ ಸ್ನಾಯು ಹರಿಯುವುದು ಪೂರ್ಣ ವೇಗದ ಓಟದಲ್ಲಿ, ಮುಂದೆ ಚಾಚಿದ ಕಾಲು ನೆಲ ಮುಟ್ಟುವ ಸ್ವಲ್ಪ ಮೊದಲು. ಆಗ ಸ್ನಾಯು ಉದ್ದಕ್ಕೆ ಎಳೆದುಕೊಳ್ಳುತ್ತಲೇ ಕಾಲಿನ ವೇಗಕ್ಕೆ ಬ್ರೇಕ್ ಹಾಕುತ್ತಿರುತ್ತದೆ. ವಿಂಗರ್‌ನ ಕೆಲಸವೇ ನಿಂತಲ್ಲಿಂದ ಹಾರಿ ಓಡುವುದು, ತಟ್ಟನೆ ನಿಲ್ಲುವುದು, ಮತ್ತೆ ಓಡುವುದು. ದಣಿದಾಗ ಬ್ರೇಕ್ ಹಾಕುವ ಶಕ್ತಿ ಮೊದಲು ಕುಗ್ಗುತ್ತದೆ, ವೇಗ ಆಮೇಲೆ. ವಾರಕ್ಕೆ ಎರಡು ಪಂದ್ಯದಲ್ಲಿ ಅಪಾಯ ಇರುವುದು ಈ ಅಂತರದಲ್ಲಿ. ಒಮ್ಮೆ ಗಾಯವಾದವನಿಗೆ ಮತ್ತೆ ಆಗುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು, ಆದ್ದರಿಂದ ಮೊದಲ ಗಾಯ ತಪ್ಪಿಸುವುದೇ ದೊಡ್ಡ ಕೆಲಸ.

ಮಾಡಬೇಕಾದ್ದು ನಾರ್ಡಿಕ್ ವ್ಯಾಯಾಮ. ದಪ್ಪ ಮ್ಯಾಟ್ ಮೇಲೆ ಮಂಡಿಯೂರಬೇಕು, ಜೊತೆಗಾರ ಎರಡೂ ಕಣಕಾಲು ಒತ್ತಿ ಹಿಡಿಯಬೇಕು. ಮಂಡಿಯಿಂದ ತಲೆಯವರೆಗೆ ಮೈ ಒಂದೇ ಗೆರೆಯಲ್ಲಿಟ್ಟು, ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲುತ್ತ ಹೋಗಿ, ತಡೆಯಲಾಗದಾಗ ಕೈಯೂರಿ ಬೀಳಬೇಕು. ಮೇಲೇಳುವಾಗ ಕೈಯಿಂದಲೇ ದೂಡಿಕೊಳ್ಳಲಿ. ಸೊಂಟ ಹಿಂದಕ್ಕೆ ಮಡಚಿದರೆ ಹೊರೆಯೆಲ್ಲ ತಪ್ಪಿಹೋಗುತ್ತದೆ, ಹುಡುಗರು ಮಾಡುವ ತಪ್ಪು ಇದೇ. ಮೊದಲ ವಾರ ಒಂದು ದಿನ, 5ರಂತೆ 2 ಸೆಟ್. ಎರಡನೇ ವಾರ ಎರಡು ದಿನ, 6ರಂತೆ 2 ಸೆಟ್. ಮೂರನೇ ವಾರದಿಂದ ಮೂರು ದಿನ, 6-8ರಂತೆ 3 ಸೆಟ್, ನಾಲ್ಕನೇ ವಾರ 8-10ರಂತೆ 3. ಐದರಿಂದ ಹತ್ತನೇ ವಾರದವರೆಗೆ ಮೂರು ಸೆಟ್, ಕ್ರಮವಾಗಿ 12, 10, 8. ಬಿಡದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ. ಮೊದಲ ಎರಡು ವಾರ ಮೈಕೈ ನೋವು ಜೋರಾಗಿರುತ್ತದೆ, ಅದಕ್ಕೇ ಪಂದ್ಯದ ಹಿಂದಿನ ದಿನ ಮಾಡಿಸಬೇಡಿ. ಮೂರನೇ ವಾರದಲ್ಲಿ ಮೂರು ದಿನಕ್ಕೆ ಹೊಂದದಿದ್ದರೆ ಎರಡೇ ಮಾಡಿಸಿ, ನಿಲ್ಲಿಸುವುದು ಬೇಡ.

ಅದರ ಜೊತೆಗೆ ವಾರಕ್ಕೊಮ್ಮೆಯಾದರೂ ತನ್ನ ಪೂರ್ಣ ವೇಗದ 90-95 ಪ್ರತಿಶತಕ್ಕೆ ಓಡಬೇಕು. 30-40 ಮೀಟರ್‌ನ 4-6 ಓಟ, ನಡುವೆ ಪೂರ್ತಿ ದಮ್ಮು ತೆಗೆದುಕೊಳ್ಳುವಷ್ಟು ಬಿಡುವು. ಬೆಂಗಳೂರಿನ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಐವರ ಟರ್ಫ್‌ನಲ್ಲಿ ಅಷ್ಟು ಉದ್ದ ಓಡಲು ಜಾಗವೇ ಇಲ್ಲ. ವಾರವಿಡೀ ಟರ್ಫ್ ಆಡಿ, ಭಾನುವಾರ ದೊಡ್ಡ ಮೈದಾನದಲ್ಲಿ ಮೊದಲ ಸಲ ಪೂರ್ಣ ವೇಗಕ್ಕೆ ಹೋದ ಕಾಲು ತಡೆಯುವುದಿಲ್ಲ.

15 ವರ್ಷದವನಿಗೆ ಇನ್ನೊಂದು ಎಚ್ಚರ. ಕೂತಾಗ ನೆಲ ತಾಗುವ ಕುಂಡಿಯ ಮೂಳೆಯ ಹತ್ತಿರ ನೋವು ಅಂದರೆ "ಸ್ನಾಯು ಹಿಡಿದಿದೆ" ಅಂತ ಎಣ್ಣೆ ತಿಕ್ಕಿ ಬಿಡಬೇಡಿ. ಈ ವಯಸ್ಸಿನಲ್ಲಿ ಬೆಳೆಯುತ್ತಿರುವ ಮೂಳೆಯ ತುಣುಕೇ ಸ್ನಾಯುವಿನ ಜೊತೆ ಕಿತ್ತು ಬರಬಹುದು. ಓಡುವಾಗ "ಟಪ್" ಎಂದು ಸದ್ದಾಗಿದ್ದರೆ ಅದೇ ದಿನ ಎಕ್ಸ್-ರೇ ಮಾಡಿಸಿ.

ಮೈದಾನದಂಚು

ತುಂಬಾ ಉಪಕಾರವಾಯಿತು. ಕೋಚ್ ಅವರನ್ನು ಕೇಳಿದೆ. ಹುಡುಗ ಮೇಲೆ ಹೋದಾಗ ಎಡಗಡೆಯ ಮಿಡ್‌ಫೀಲ್ಡರ್ ಹಿಂದೆ ನಿಲ್ಲುತ್ತಾನಂತೆ. ಕಟ್‌ಬ್ಯಾಕ್ ಸರ್, ಲೆಫ್ಟ್ ಬ್ಯಾಕ್ ಆಡುತ್ತಲೇ ಬಲ ವಿಂಗ್‌ಗೆ ಬೇಕಾದ್ದನ್ನು ಅಭ್ಯಾಸ ಮಾಡಿಸಬಹುದೇ? ಪೆನಾಲ್ಟಿಯನ್ನೂ ಈಗಿನಿಂದಲೇ ಹೊಡೆಸಬೇಕೇ?

ಉತ್ತರ 4: ಕಟ್‌ಬ್ಯಾಕ್

ಹೆಸರು ಹೇಳಿದ್ದಾರಲ್ಲ, ಒಳ್ಳೆಯದಾಯಿತು.

ಅಭ್ಯಾಸಕ್ಕೆ ವಾರಕ್ಕೆ ಎರಡು ಸಲ 20 ನಿಮಿಷ ಸಾಕು. ಬಲ ಟಚ್‌ಲೈನಿಗೆ ಅಂಟಿಕೊಂಡಂತೆ 20 ಮೀಟರ್ ಉದ್ದ, 15 ಮೀಟರ್ ಅಗಲದ ಚೌಕ ಹಾಕಿ, ಅದರ ಮುಂದಿನ ಗೆರೆ ಬೈಲೈನ್ ಆಗಿರಲಿ. 25 ಮೀಟರ್ ದೂರದಿಂದ ಒಬ್ಬ ಓರೆಯಾಗಿ ಗಟ್ಟಿ ಪಾಸ್ ಕೊಡಲಿ. ಡಿಫೆಂಡರ್ 5 ಮೀಟರ್ ಆಚೆಯಿಂದ ಹೊರಡಲಿ. ಪಾಸ್ ಹೊರಟು 4 ಸೆಕೆಂಡ್ ಆದ ಮೇಲೆ ಎರಡನೇ ಡಿಫೆಂಡರ್ ಒಳಗೆ ಬರಲಿ. ಹುಡುಗ ಅಷ್ಟರೊಳಗೆ ಒಳಕ್ಕೆ ತಿರುಗಿ ಎಡಗಾಲಿನಿಂದ ಹೊಡೆಯಬೇಕು, ಇಲ್ಲವೇ ಹೊರಗೆ ಹೋಗಿ ಬಲಗಾಲಿನ ಕಟ್‌ಬ್ಯಾಕ್ ಕೊಡಬೇಕು. 8 ಸಲಕ್ಕೊಂದು ಸುತ್ತು, ಮೂರು ಸುತ್ತು. ಯಾವ ಕಡೆ ಹೋಗಬೇಕೆಂದು ನೀವು ಹೇಳಬೇಡಿ, ಡಿಫೆಂಡರ್ ಕಾಲು ನೋಡಿ ಅವನೇ ಆರಿಸಲಿ. ಮೊದಲ ಎರಡು ವಾರ ಬಲಗಾಲಿನ ಚೆಂಡು ಮೇಲೆದ್ದು ಹೋಗುತ್ತಿದ್ದರೆ, ಊರುವ ಎಡಗಾಲು ಚೆಂಡಿನಿಂದ ಹಿಂದೆ ಬೀಳುತ್ತಿದೆ ಎಂದರ್ಥ. ಚೆಂಡಿನ ಪಕ್ಕಕ್ಕೆ ಊರಲು ಹೇಳಿ.

ಪೆನಾಲ್ಟಿ ಖಂಡಿತ ಹೊಡೆಸಿ. 2021ರ ಜುಲೈ 11ರಂದು ವೆಂಬ್ಲಿಯಲ್ಲಿ ಇಟಲಿ ವಿರುದ್ಧದ ಯೂರೋ ಫೈನಲ್‌ನಲ್ಲಿ ಐದನೇ ಪೆನಾಲ್ಟಿಗೆ ಹೋದಾಗ ಸಾಕಾಗೆ 19 ವರ್ಷ, ಸೀನಿಯರ್ ಪಂದ್ಯದಲ್ಲಿ ಅದಕ್ಕೆ ಮೊದಲು ಒಂದೂ ಪೆನಾಲ್ಟಿ ಹೊಡೆದಿರಲಿಲ್ಲ. ಇಟಲಿಯ ಗೋಲ್‌ಕೀಪರ್ ಡೊನ್ನಾರುಮ್ಮಾ ತಡೆದ. ಆಮೇಲೆ ಬಂದ ಜನಾಂಗೀಯ ನಿಂದನೆ ಇಡೀ ಇಂಗ್ಲೆಂಡಿಗೆ ಗೊತ್ತು. ಅಷ್ಟಾದರೂ 2022ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಆರ್ಸೆನಲ್‌ಗೆ ಪೆನಾಲ್ಟಿ ಹೊಡೆದು ಗೋಲು ಮಾಡಿದ. 2024ರ ಯೂರೋದಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ 80ನೇ ನಿಮಿಷದಲ್ಲಿ ಸಮಗೋಲು ತಂದವನೂ ಅವನೇ, ಶೂಟೌಟ್‌ನಲ್ಲಿ ಮೂರನೆಯವನಾಗಿ ಹೋಗಿ ಗೋಲು ಹೊಡೆದವನೂ ಅವನೇ.

ಹುಡುಗನಿಗೆ ಪ್ರತಿ ಅಭ್ಯಾಸದ ಕೊನೆಯಲ್ಲಿ, ಕಾಲು ದಣಿದಿರುವಾಗ, 3 ಪೆನಾಲ್ಟಿ. ಸೆಂಟರ್ ಲೈನ್‌ನಿಂದ ಒಬ್ಬನೇ ನಡೆದು ಹೋಗಿ, ಚೆಂಡು ತಾನೇ ಇಟ್ಟು, ಸೀಟಿ ಕೇಳಿದ ಮೇಲೆ ಹೊಡೆಯಲಿ. ಮೂಲೆ ಮೊದಲೇ ನಿರ್ಧರಿಸಿ, ಓಡುವಾಗ ಬದಲಿಸಬಾರದು. ತಂಡದವರೆಲ್ಲ ಗೆರೆಯ ಮೇಲೆ ನಿಂತು ನೋಡಲಿ.